ಹಗುರದ ಸ್ಟೇರಿಂಗ್

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಸ್ಟೇರಿಂಗ್ ಕೆಟ್ಟರೆ ನಿಲ್ಲುವುದಿಲ್ಲ. ಅದಕ್ಕೇ ಎಂಜಿನ್ ರಿಪೇರಿ ಮಾಡುವವರು ಹಾಸಿಗೆಗೆ ಬಿದ್ದ ಕೂಡಲೇ ಗೊರಕೆ ಹೊಡೆಯುತ್ತಾರೆ. ಸ್ಟೇರಿಂಗ್ ರಿಪೇರಿ ಮಾಡುವವರು ಆ ನಟ್ಟು ಬಿಗಿ ಮಾಡಿದೆನೋ ಇಲ್ಲವೋ ಎಂದು ಮಗ್ಗುಲು ಬದಲಿಸುತ್ತಾರೆ. ನಾನು ಇಪ್ಪತ್ತಾರು ವರ್ಷದಿಂದ ಮಗ್ಗುಲು ಬದಲಿಸುತ್ತಿರುವವನು. ಹೆದರಿಕೆ ನನ್ನ ಕಸುಬಿನ ಭಾಗ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಈಗ ಹೇಳಹೊರಟಿರುವುದು ನಟ್ಟು ಬೋಲ್ಟಿನ ಹೆದರಿಕೆಯಲ್ಲ, ನನ್ನ ಭಾವನ ವಿಷಯ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರ ಹೊರಗಿನ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳಿವೆ. ಅಲ್ಲಿ ಕೆಲಸ ಮಾಡುವ ಎಂಟು ಜನರನ್ನು ಬೆಳಗ್ಗೆ ಏಳಕ್ಕೆ ಜೀಪಿನಲ್ಲಿ ಮೇಲೆ ಕರೆದೊಯ್ಯುವುದು, ಸಂಜೆ ನಾಲ್ಕಕ್ಕೆ ಕೆಳಗೆ ಕರೆತರುವುದು, ಇದು ಅವರ ಹತ್ತೊಂಬತ್ತು ವರ್ಷದ ಕೆಲಸ. ಜೀಪು ಅವರದೇ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಬೇರೆ ಥರದ ಗಾಡಿ ಆ ಗುಡ್ಡ ಹತ್ತುವುದಿಲ್ಲ. ಅಲ್ಲಿರುವುದನ್ನು ರಸ್ತೆ ಎಂದು ಕರೆದರೆ ರಸ್ತೆಗಳಿಗೆ ಬೇಜಾರಾದೀತು. ಯಂತ್ರ ಸಾಗಿಸಲೆಂದು ಯಾವತ್ತೋ ಬಂಡೆ ಕಡಿದು ಎಳೆದ ಗೀರು ಅದು. ಒಟ್ಟು ಅರವತ್ತೆರಡು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಊರವರು ಭಾವನಿಗೆ ಮೆಲ್ಲಣ್ಣ ಎಂದು ಹೆಸರಿಟ್ಟಿದ್ದಾರೆ. ಸಪಾಟು ರಸ್ತೆಯಲ್ಲೂ ನಲವತ್ತು ದಾಟಿಸುವವರಲ್ಲ. ಸೈಕಲ್ಲಿನವರು ಪಕ್ಕದಲ್ಲೇ ಬಂದು ಅವರ ಆರೋಗ್ಯ ವಿಚಾರಿಸಿ, ಮನೆ ಮಂದಿಯನ್ನೆಲ್ಲ ಕೇಳಿ, ಆಮೇಲೆ ಮುಂದೆ ಹೋಗುತ್ತಾರೆ. ಮನೆಯಲ್ಲೂ ಹಾಗೇ. ರಜೆಯ ದಿನ ಬೆಳಗಿನ ಪೇಪರು ಹಿಡಿದರೆ ಎರಡನೇ ಪುಟಕ್ಕೆ ಬರುವಾಗ ಮಧ್ಯಾಹ್ನವಾಗಿರುತ್ತದೆ. ಜಗಳವೆಂದರೆ ಆಗದು. ಬೇಡ ಎನ್ನುವ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ; ಬೇಡವೆನಿಸಿದರೆ "ನೋಡೋಣ" ಎನ್ನುತ್ತಾರೆ. ಆ ನೋಡೋಣವನ್ನು ನಮ್ಮ ಮನೆಯವರೆಲ್ಲ ಹೂಂ ಎಂದೇ ಲೆಕ್ಕ ಹಾಕಿಕೊಂಡು ಬಂದಿದ್ದೇವೆ. ಅವರ ಅಂಗಿಯ ಬಣ್ಣ, ಕನ್ನಡಕದ ಫ್ರೇಮು, ಗೋಡೆಗೆ ಹೊಡೆಸಿದ ಸುಣ್ಣ, ಎಲ್ಲವೂ ಹೀಗೆ ಅಕ್ಕನೋ ನಾನೋ ತೀರ್ಮಾನಿಸಿದ್ದು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ನಮಗಂತೂ ಆಗಿರಲಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಗುಡ್ಡದ ದಾರಿ ಕೆಸರಾಗಿ ಜೀಪು ನಾಲ್ಕೈದು ಸಲ ಹೂತುಕೊಂಡಿತು. ಯಂತ್ರದ ಕಂಪನಿಯವರು ದೊಡ್ಡ ಟೈರು ಹಾಕಿಸಿದರು. ಜೀಪು ಕೆಸರಿನಲ್ಲಿ ನಿಲ್ಲುವುದು ತಪ್ಪಿತು, ಆದರೆ ಸ್ಟೇರಿಂಗ್ ಹೆಣಭಾರವಾಯಿತು. ಕಲ್ಲಿಗೆ ಚಕ್ರ ತಗುಲಿದಾಗ ಸ್ಟೇರಿಂಗ್ ಗಿರಕ್ಕನೆ ತಿರುಗಿ ಹೆಬ್ಬೆರಳು ಮುರಿಯುವಷ್ಟು ಜೋರಾಗಿ ಒದೆಯುತ್ತಿತ್ತು. ಒಂದು ದಿನ ಕಂಪನಿಯ ಸೇಫ್ಟಿ ಆಫೀಸರ್ ಬಂದು, ಜೀಪಿನ ಕೆಳಗೆ ಬಗ್ಗಿ ನೋಡಿ, ಕಾಗದ ಕೊಟ್ಟು ಹೋದ. ಹದಿನೈದು ದಿನದೊಳಗೆ ಈ ಟೈರಿಗೆ ತಕ್ಕ ಸ್ಟೇರಿಂಗ್ ಹಾಕಿಸಬೇಕು, ತಾನು ಬಂದು ಪರೀಕ್ಷೆ ಮಾಡುತ್ತೇನೆ, ಇಲ್ಲದಿದ್ದರೆ ಬೇರೆಯವರ ಗಾಡಿ ನೋಡಿಕೊಳ್ಳುತ್ತೇವೆ ಎಂದು.

ಭಾವ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. ನನ್ನದು ಪ್ರಿಂಟಿಂಗ್ ಪ್ರೆಸ್ಸಿಗೂ ಹಾಸಿಗೆ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಉದ್ದನೆಯ ಶೆಡ್ಡು. ತಗಡಿನ ಮಾಡು, ನಡುವೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಗುಂಡಿ, ಗೋಡೆಯುದ್ದಕ್ಕೂ ಸ್ಪ್ಯಾನರುಗಳು. ನಾನು ಬೆಂಚಿನ ಮೇಲೆ ಎರಡು ಜೋಡಿ ಸಾಮಾನು ಹರಡಿ ತೋರಿಸಿದೆ. ಕರೆಂಟಿನ ಮೋಟಾರಿನಿಂದ ತಿರುಗುವ ಮೂರನೆಯದೂ ಒಂದಿದೆ, ಆದರೆ ನೀರು ನುಗ್ಗುವ ಗುಡ್ಡದ ದಾರಿಯಲ್ಲಿ ವೈರುಗಳನ್ನು ನಂಬುವವನು ನಾನಲ್ಲ. ಅದನ್ನು ಮೊದಲೇ ಕೈಬಿಟ್ಟಿದ್ದೆ.

ಎಡಗಡೆ ಇದ್ದದ್ದು ಲಾರಿಯಿಂದ ಬಿಚ್ಚಿದ ದೊಡ್ಡ ಸ್ಟೇರಿಂಗ್ ಬಾಕ್ಸು, ಅದಕ್ಕೆ ಮಣಿಕಟ್ಟಿನಷ್ಟು ದಪ್ಪದ ರಾಡುಗಳು. ಪಂಪಿಲ್ಲ, ಪೈಪಿಲ್ಲ, ಎಲ್ಲ ತೋಳಿನ ಬಲದ ಮೇಲೆ. ಒದೆತ ನಿಲ್ಲುತ್ತದೆ, ಭಾರ ಮಾತ್ರ ಇನ್ನೂ ಹೆಚ್ಚುತ್ತದೆ. ಬಲಗಡೆ ಇದ್ದದ್ದು ಪವರ್ ಸ್ಟೇರಿಂಗ್. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ, ಕಷ್ಟವೆಲ್ಲ ಎಣ್ಣೆ ಪಡುತ್ತದೆ, ನಾವು ಬೆರಳು ತಾಗಿಸಿದರೆ ಸಾಕು. ನನಗಂತೂ ಅದನ್ನು ನೋಡಿದರೇ ಖುಷಿ.

ಭಾವ ಎಡಗಡೆಯ ಲಾರಿ ಬಾಕ್ಸಿನ ಮೇಲೆ ಅಂಗೈ ಊರಿ ನಿಂತರು. "ಇದೇ ಇರಲಿ," ಅಂದರು.

ನನಗೆ ನಗು ಬಂತು. ಐವತ್ತೇಳು ವರ್ಷದ ಮನುಷ್ಯ, ಇಷ್ಟೆತ್ತರದ ಟೈರು, ದಿನಕ್ಕೆ ನೂರಿಪ್ಪತ್ತನಾಲ್ಕು ತಿರುವು. ಕುಸ್ತಿಗೆ ಹೆಸರು ಕೊಟ್ಟಿದ್ದೀರಾ ಎಂದು ಕಾಲೆಳೆದೆ. ಅವರು ನಗಲಿಲ್ಲ. ಕಲ್ಲು ಕೈಗೆ ತಿಳಿಯಬೇಕು ಎಂದರು, ಭಾರವಿದ್ದರೆ ಕೈ ಒಂದು ಕಡೆ ನಿಲ್ಲುತ್ತದೆ ಎಂದರು. ಮೊದಲನೆಯ ಮಾತಿಗೆ ನಾನು ಉದ್ದುದ್ದ ಉತ್ತರ ಕೊಟ್ಟೆ. ಎರಡನೆಯದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಅವರು ಹೋದ ಮೇಲೆ ಅಕ್ಕ ಫೋನು ಮಾಡಿದಳು. ಯಾವುದಕ್ಕೆ ಬಾಯಿ ಹಾಕಿದರೂ ಸ್ಟೇರಿಂಗ್ ವಿಷಯಕ್ಕೆ ಬಾಯಿ ಹಾಕದವಳು ಆವತ್ತು ಗಟ್ಟಿಯಾಗಿ ಹೇಳಿದಳು. "ಬೆರಳಲ್ಲಿ ತಿರುಗುತ್ತೆ ಅಂತೀಯಲ್ಲ, ಅದನ್ನೇ ಹಾಕು ಕಣೋ. ಅವರನ್ನ ಕೇಳ್ತಾ ಕೂರಬೇಡ." ನನಗೂ ಅದೇ ಬೇಕಿತ್ತು. ಮರುದಿನ ಭಾವನಿಗೆ ಪವರ್ ಸ್ಟೇರಿಂಗೇ ಹಾಕುತ್ತೇನೆಂದು ಹೇಳಿದೆ. ಅವರು ಗುಂಡಿಯೊಳಗೆ ಬಗ್ಗಿ ನೋಡಿ "ನೋಡೋಣ" ಎಂದರು. ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ.

ಆರು ದಿನದ ಕೆಲಸ. ಜೀಪು ನನ್ನಲ್ಲಿದ್ದಷ್ಟು ದಿನ ಕಂಪನಿಯವರು ಬಾಡಿಗೆ ಜೀಪು ತರಿಸಿಕೊಂಡರು. ಪಂಪಿಗೆ ಹೊಸ ಬ್ರ್ಯಾಕೆಟ್ ಬೆಸುಗೆ ಹಾಕಿದೆ, ಗಾಡಿಯ ಅಡಿ ಚೌಕಟ್ಟಿಗೆ ಒತ್ತು ಪಟ್ಟಿ ಕೊಟ್ಟೆ, ರಾಡುಗಳ ಬಾಲ್ ಜಾಯಿಂಟುಗಳನ್ನೆಲ್ಲ ಹೊಸದು ಮಾಡಿದೆ. ಏಳನೇ ದಿನ ಗಾಡಿ ಬೀದಿಗಿಳಿಸಿ ನಾನೇ ಒಂದು ಸುತ್ತು ಹೋಗಿ ಬಂದೆ. ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋಯಿತು. ಇಷ್ಟು ಚೆನ್ನಾಗಿ ಮಾಡಿದ್ದೇನೆಂದು ಪ್ರೆಸ್ಸಿನವನನ್ನು ಹೊರಗೆ ಕರೆದು ತೋರಿಸಿದೆ. ಜಂಬ ಕೊಚ್ಚಿಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಆಮೇಲೆ ಭಾವ ಹತ್ತಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೀದಿಯ ಕೊನೆ ಮುಟ್ಟುವುದರೊಳಗೆ ಜೀಪು ಆ ಕಡೆಗೊಂದು ಸಲ, ಈ ಕಡೆಗೊಂದು ಸಲ ತಲೆಯಾಡಿಸಿತು. ಹೆಚ್ಚೇನಲ್ಲ, ಅಂಗೈ ಅಗಲದಷ್ಟು. ಬೇರೆ ಯಾರಾದರೂ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಗೊತ್ತಾಯಿತು. ಅಂಗೈ ಅಗಲ ಈ ಬೀದಿಯಲ್ಲಿ ಏನೂ ಅಲ್ಲ, ಗುಡ್ಡದ ಮೇಲೆ ಅಷ್ಟೇ ಎಲ್ಲಾ.

ತಪ್ಪು ನನ್ನದೇ ಎಂದುಕೊಂಡೆ. ಗಾಡಿಯನ್ನು ಮತ್ತೆ ಗುಂಡಿಯ ಮೇಲೆ ನಿಲ್ಲಿಸಿದೆ. ಚಕ್ರಗಳ ಅಲೈನ್‌ಮೆಂಟ್ ನೋಡಿದೆ, ಸರಿಯಿತ್ತು. ಎಣ್ಣೆಯಲ್ಲಿ ಗಾಳಿ ಸೇರಿರಬಹುದೆಂದು ತೆಗೆದೆ, ಬೆಲ್ಟು ಬಿಗಿದೆ, ಪಂಪಿನ ಒತ್ತಡ ಅಳೆದೆ. ನಾನು ಓಡಿಸಿದೆ, ನೆಟ್ಟಗೆ ಹೋಯಿತು. ಭಾವನನ್ನು ಕರೆಸಿ ಓಡಿಸಲು ಹೇಳಿದೆ, ತಲೆಯಾಡಿಸಿತು. ಬಾಕ್ಸನ್ನೇ ಬಿಚ್ಚಿ ಒಳಗಿನ ಹಲ್ಲುಗಳನ್ನು ಒಂದೊಂದಾಗಿ ತಡವಿದೆ. ಊಟ ಸೇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಬಿಗಿದ ಸ್ಟೇರಿಂಗುಗಳೆಲ್ಲ ಎಲ್ಲೆಲ್ಲಿ ಹೀಗೆ ಅಲ್ಲಾಡುತ್ತಿವೆಯೋ ಎಂಬ ಯೋಚನೆ ಹತ್ತಿಕೊಂಡಿತು. ಹೆಂಡತಿ ಏನಾಯಿತೆಂದು ಕೇಳಿದರೆ ಅವಳ ಮೇಲೇ ರೇಗಿದೆ.

ಮೂರನೇ ದಿನ ಮಧ್ಯಾಹ್ನ ಭಾವನನ್ನು ಓಡಿಸಲು ಕೂರಿಸಿ ನಾನು ಪಕ್ಕದಲ್ಲಿ ಕುಳಿತೆ. ಅಲ್ಲಿಯವರೆಗೆ ನಾನು ರಸ್ತೆ ನೋಡಿದ್ದೆ, ಚಕ್ರ ನೋಡಿದ್ದೆ, ಪಂಪಿನ ಸದ್ದಿಗೆ ಕಿವಿಗೊಟ್ಟಿದ್ದೆ. ಆವತ್ತು ಸುಮ್ಮನೆ ಅವರ ಕೈ ನೋಡಿದೆ.

ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಮಣಿಕಟ್ಟಿನಿಂದ ಬೆರಳತುದಿಯವರೆಗೆ, ಬಿಡದೆ, ಒಂದೇ ಸಮನೆ. ಸ್ಟೇರಿಂಗನ್ನು ಹಗುರವಾಗಿ ಹಿಡಿದರೆ ನಡುಕ ಹೆಚ್ಚುತ್ತಿತ್ತು, ಗಟ್ಟಿಯಾಗಿ ಹಿಡಿದರೆ ತೋಳಿಗೂ ಏರುತ್ತಿತ್ತು. ಕಾರಣ ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ, ಅದು ನನ್ನ ಕಸುಬೇ. ಭಾರದ ಸ್ಟೇರಿಂಗಿನಲ್ಲಿ ಕೈಯ ಸಣ್ಣ ನಡುಕ ಅಲ್ಲೇ ಸತ್ತುಹೋಗುತ್ತದೆ, ಚಕ್ರದವರೆಗೆ ಮುಟ್ಟುವುದಿಲ್ಲ. ಹಗುರದ್ದು ಹಾಗಲ್ಲ. ಬೆರಳು ಹೇಳಿದ್ದನ್ನೆಲ್ಲ ಅದು ಚಕ್ರಕ್ಕೆ ಮುಟ್ಟಿಸುತ್ತದೆ, ಬೇಡದ್ದನ್ನೂ ಮುಟ್ಟಿಸುತ್ತದೆ. ಭಾವ ಲಾರಿ ಬಾಕ್ಸಿನ ಮೇಲೆ ಅಂಗೈ ಊರಿದ್ದು ಸುಮ್ಮನೆ ಅಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ಪೇಪರನ್ನು ಅವರು ಕೈಯಲ್ಲಿ ಹಿಡಿದು ಓದುವುದನ್ನು ಬಿಟ್ಟು ಮೇಜಿನ ಮೇಲೆ ಹರಡಿಕೊಳ್ಳತೊಡಗಿದ್ದರು. ನಮ್ಮ ಮನೆಗೆ ಬಂದರೆ ಲೋಟ ಬಿಟ್ಟು ದಪ್ಪನೆಯ ದೊಡ್ಡ ಸ್ಟೀಲ್ ಮಗ್ಗು ಕೇಳಿ ತೆಗೆದುಕೊಂಡು ಟೀ ಕುಡಿಯುತ್ತಿದ್ದರು. ಭಾವನಿಗೆ ಬಾಯಿ ದೊಡ್ಡದಾಗಿದೆ ಎಂದು ನಾನೇ ತಮಾಷೆ ಮಾಡಿದ್ದೆ.

ಬೀದಿಯ ಕೊನೆಯಲ್ಲಿ ಗಾಡಿ ನಿಲ್ಲಿಸಿ ಅವರು ನನ್ನ ಮುಖ ನೋಡಿದರು. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ ಇವತ್ತಿಗೂ ಹೇಳಲಾರೆ. ನಾನು ಬಾಯಿ ಬಿಡಬೇಕಿತ್ತು. ಊರಿನವರಿಗೆಲ್ಲ ಬುದ್ಧಿ ಹೇಳುವ ಈ ನಾಲಿಗೆ ಆವತ್ತು ಬೇರೆ ದಾರಿ ಹಿಡಿಯಿತು. "ಎಣ್ಣೆ ಇನ್ನೂ ಹೊಸದು ಭಾವ, ನಾಲ್ಕು ದಿನ ಓಡಿದ ಮೇಲೆ ಸರಿಹೋಗುತ್ತೆ," ಅಂದೆ. ಸುಳ್ಳು. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದ ಮನುಷ್ಯನಿಗೆ ನಿಮ್ಮ ಕೈ ಮುಗಿಯಿತು ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಇದಕ್ಕಿಂತ ದೊಡ್ಡ ತಪ್ಪು ಶನಿವಾರ ಮಾಡಿದೆ. ಸೇಫ್ಟಿ ಆಫೀಸರ್ ಪರೀಕ್ಷೆಗೆ ಬಂದ. ಕೆಲಸ ಮಾಡಿದವನು ನೀನು, ನೀನೇ ಓಡಿಸಿ ತೋರಿಸು ಎಂದು ಭಾವ ಕೀಲಿ ನನ್ನ ಕೈಗಿಟ್ಟರು. ನಾನು ಓಡಿಸಿದೆ. ಗಾಡಿ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಆತ ಪಕ್ಕದಲ್ಲಿ ಕೂತು ತಲೆದೂಗಿ, ಕಾಗದಕ್ಕೆ ಸಹಿ ಹಾಕಿ, ಕೈಕುಲುಕಿ ಹೋದ. ಆತ ನೋಡಿದ್ದು ನನ್ನ ಕೈಯನ್ನು, ಸಹಿ ಹಾಕಿದ್ದು ಭಾವನ ಕೈಗೆ. ಭಾನುವಾರ ಎರಡು ಸಲ ಅಕ್ಕನ ಮನೆಯವರೆಗೆ ನಡೆದು ಹೋದೆ. ಒಂದು ಸಲ ಗೇಟು ಮುಟ್ಟಿ ವಾಪಸಾದೆ. ಇನ್ನೊಂದು ಸಲ ಒಳಗೆ ಹೋಗಿ ಕ್ರಿಕೆಟ್ ವಿಷಯ ಮಾತಾಡಿ ಬಂದೆ.

ಸೋಮವಾರ ಬೆಳಗ್ಗೆ ಏಳಕ್ಕೆ ಮುಂಚೆಯೇ ಬಸ್ ನಿಲ್ದಾಣದ ಹತ್ತಿರ ಹೋಗಿ ನಿಂತೆ. ಎಂಟು ಜನ ಟಿಫಿನ್ ಡಬ್ಬಿ, ಹೆಲ್ಮೆಟ್ಟು, ಹಗ್ಗದ ಸುರುಳಿ ಹಿಡಿದುಕೊಂಡು ಅಲ್ಲೇ ಕಾಯುತ್ತಿದ್ದರು. ಮೊದಲನೇ ದಿನ, ಎಣ್ಣೆ ಸೋರುತ್ತದೋ ನೋಡಬೇಕು ಎಂದು ನೆಪ ಹೇಳಿ ಮುಂದಿನ ಸೀಟು ಹಿಡಿದೆ. ಗಾಡಿ ಅಲ್ಲಾಡಿದರೆ ನಾನು ಕೈ ಚಾಚಿ ಸ್ಟೇರಿಂಗ್ ಹಿಡಿಯಬಹುದು, ಅದೇ ನನ್ನ ದೊಡ್ಡ ಯೋಜನೆ. ಈಗ ನೆನೆದರೆ ಮೈ ಉರಿಯುತ್ತದೆ.

ಹತ್ತುವಾಗ ಅಷ್ಟೇನೂ ಆಗಲಿಲ್ಲ. ಹತ್ತುವ ಗಾಡಿಯ ವೇಗ ಕಡಿಮೆ, ಏನಾದರೂ ಆದರೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೂ ಪ್ರತಿ ತಿರುವಿಗೂ ನನ್ನ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹಿಂದೆ ಕೂತವರು ಹೊಸ ಸ್ಟೇರಿಂಗ್ ಬಂದ ಮೇಲೂ ಮೆಲ್ಲಣ್ಣ ಮೆಲ್ಲಗೇ ಎಂದು ನಗುತ್ತಿದ್ದರು. ಭಾವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ನನಗೆ ಮಾತ್ರ ಕಾಣುತ್ತಿತ್ತು.

ಮೇಲೆ ಕೆಲಸದವರು ಯಂತ್ರದ ಕಂಬದೊಳಗೆ ಹೋದ ಮೇಲೆ ಜೀಪಿನ ಹತ್ತಿರ ನಾವಿಬ್ಬರೇ ಉಳಿದೆವು. ಇಡೀ ಹಗಲು. ರೆಕ್ಕೆಗಳು ತಲೆಯ ಮೇಲೆ ಉಸ್ಸೆಂದು ತಿರುಗುತ್ತಿದ್ದವು. ಆಗಲಾದರೂ ಮಾತಾಡಬಹುದಿತ್ತು. ಭಾವ ಜೀಪಿನ ನೆರಳಿನಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ನಾನು ಗಾಡಿಯ ಕೆಳಗೆ ತೂರಿ, ಸೋರದ ಎಣ್ಣೆಯನ್ನು ನಾಲ್ಕು ಸಲ ಪರೀಕ್ಷೆ ಮಾಡಿದೆ.

ನಾಲ್ಕಕ್ಕೆ ಇಳಿಯತೊಡಗಿದೆವು. ಇಳಿಯುವಾಗ ಕಮರಿ ನಾನು ಕೂತ ಕಡೆಗೇ. ಐದಾರು ತಿರುವು ಕಳೆಯಿತು. ಜೀಪಿನ ಮೂತಿ ಆ ಕಡೆ, ಈ ಕಡೆ. ಭಾವ ಸರಿಮಾಡಲು ಹೋದರೆ ಹೆಚ್ಚಾಗುತ್ತಿತ್ತು, ಹೆಚ್ಚಾದದ್ದನ್ನು ತಡೆಯಲು ಹೋದರೆ ಇನ್ನೊಂದು ಕಡೆ ಎಳೆಯುತ್ತಿತ್ತು. ನಾನು ಕೈ ಚಾಚಲಿಲ್ಲ. ಚಾಚಬೇಕೆಂದು ಎಷ್ಟು ಅಂದುಕೊಂಡರೂ ಎರಡೂ ಕೈ ಸೀಟಿನ ಕಂಬಿಯನ್ನು ಬಿಡಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ, ನೋಡಬಾರದಿತ್ತು. ಟೈರಿನ ಹೊರ ಅಂಚು ಜಲ್ಲಿಯನ್ನು ತಳ್ಳಿತು. ನಾಲ್ಕೈದು ಕಲ್ಲು ಕೆಳಗೆ ಹೋದವು. ಬಿದ್ದ ಸದ್ದು ಕೇಳಲಿಲ್ಲ.

ಭಾವ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಎಂಜಿನ್ ಚಾಲೂ ಇತ್ತು. ಹಿಂದಕ್ಕೆ ತಿರುಗಿ, ಗಾಡಿ ಸ್ವಲ್ಪ ನೋಡಬೇಕು, ಎಲ್ಲರೂ ಇಳಿದು ನಡೆದುಕೊಂಡು ಹೋಗಿ, ಕೆಳಗೆ ಸಿಗೋಣ ಎಂದು ಮೆಲ್ಲಗೆ ಹೇಳಿದರು. ಕೆಲಸದವರಿಗೆ ಅನುಮಾನ ಬರಲಿಲ್ಲ. ಹೊಸ ಸಾಮಾನು ಹಾಕಿಸಿದ ಮೊದಲನೇ ದಿನವೇ ಕೆಟ್ಟಿತೇ ಎಂದು ನನ್ನನ್ನು ಗೇಲಿ ಮಾಡುತ್ತ ಬಂಡೆಯ ಕಡೆಯಿಂದ ಇಳಿದು ಹೋದರು. ಅವರ ಮಾತು ತಿರುವಿನಾಚೆ ಕೇಳಿಸದಾದ ಮೇಲೆ ಭಾವ ನನ್ನ ಕಡೆ ನೋಡಿದರು.

"ಇನ್ನು ನನ್ನ ಕೈಲಿ ಆಗಲ್ಲ. ನೀನು ಬಾ ಈ ಕಡೆ."

ಇಪ್ಪತ್ತಾರು ವರ್ಷ ಸ್ಟೇರಿಂಗ್ ಬಿಚ್ಚಿ ಕಟ್ಟಿದವನು ನಾನು, ಆ ಗುಡ್ಡದಲ್ಲಿ ಒಂದು ಗಜವೂ ಓಡಿಸಿದವನಲ್ಲ. ನನ್ನಿಂದ ಆಗದು ಎಂದೆ. ಗಾಡಿಯನ್ನು ದಾರಿಗೆ ಅಡ್ಡವಾಗಿ ಅಲ್ಲೇ ಬಿಡುವಂತಿರಲಿಲ್ಲ, ಗುಡ್ಡದ ತುದಿಯ ಶೆಡ್ಡಿನಲ್ಲಿ ಇನ್ನೂ ಕಾವಲಿನವರಿದ್ದರು, ಅವರಿಗೆ ಏನಾದರೂ ಆದರೆ ಬೇರೆ ದಾರಿಯಿಲ್ಲ. ಭಾವ ಇಳಿದು ಗಾಡಿಯ ಮುಂದೆ ಹೋಗಿ ನಿಂತರು. ತಾನು ಕೈ ತೋರಿಸುತ್ತೇನೆ, ಹಾಗೇ ಬಾ ಎಂದರು. ನಾನು ಸರಿದು ಅವರ ಸೀಟಿನಲ್ಲಿ ಕೂತೆ.

ಕೈ ಎತ್ತಿದರು. ಕೈ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಯಾವ ಕಡೆ ತಿರುಗಿಸಬೇಕೋ ನನಗೆ ತಿಳಿಯಲಿಲ್ಲ, ನಾನು ಬ್ರೇಕ್ ಬಿಡಲಿಲ್ಲ. ಅವರು ಒಂದು ಕ್ಷಣ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಮರಿಯ ಅಂಚಿನಲ್ಲಿ, ನನ್ನ ಹೊರಗಿನ ಚಕ್ರ ಎಲ್ಲಿ ಹೋಗಬೇಕೋ ಅಲ್ಲೇ ಹೆಜ್ಜೆ ಇಡುತ್ತ ನಡೆಯತೊಡಗಿದರು. ನಾನು ಅವರ ಚಪ್ಪಲಿ ಬಿದ್ದಲ್ಲಿ ಚಕ್ರ ಬಿಟ್ಟೆ. ಐವತ್ತಕ್ಕೂ ಹೆಚ್ಚು ತಿರುವು. ಅವರು ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ಕಾಲು ಬ್ರೇಕಿನಿಂದ ಒಂದು ಸಲ ಜಾರಿದ್ದರೆ ಅವರೇ ಮೊದಲು ಹೋಗುತ್ತಿದ್ದರು, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಅಂಗಿ ಒದ್ದೆಯಾಗಿ ಸೀಟಿಗೆ ಅಂಟಿತ್ತು. ದೇವರೇ ಎಂದೆನೋ, ಅಮ್ಮಾ ಎಂದೆನೋ, ಏನೋ ಒಂದನ್ನು ಇಡೀ ದಾರಿ ಗೊಣಗುತ್ತಿದ್ದೆ.

ಕೆಳಗೆ ಮುಟ್ಟಿದಾಗ ಕೆಲಸದವರು ಬೇರೆ ಗಾಡಿ ಹಿಡಿದು ಹೋಗಿಯಾಗಿತ್ತು. ಎಂಜಿನ್ ಆರಿಸಿದೆ. ಭಾವ ಬಂದು ಪಕ್ಕದಲ್ಲಿ ಕೂತರು. ನನ್ನ ಬಾಯಿಂದ ಆಗ ಬಂದ ಮಾತನ್ನು ಮುಚ್ಚಿಡುವುದಿಲ್ಲ. "ಭಾವ, ಆ ಲಾರಿ ಬಾಕ್ಸೇ ಹಾಕಿಬಿಡ್ತೀನಿ. ಭಾರ ಇದ್ರೆ ನಿಮ್ಮ ಕೈ ನಿಲ್ಲುತ್ತೆ. ಯಾರಿಗೂ ಗೊತ್ತಾಗಲ್ಲ."

"ಬೇಡ," ಅಂದರು.

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನಿಧಾನವಾಗಿ ಹೇಳಿದರು. ನಡುಕ ಶುರುವಾಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಡಾಕ್ಟರ ಹತ್ತಿರ ಹೋಗಿರಲಿಲ್ಲ, ಹೋದರೆ ಅದಕ್ಕೊಂದು ಹೆಸರು ಬರುತ್ತದೆ ಎಂದು. ದೊಡ್ಡ ಟೈರು ಬಂದು ಸ್ಟೇರಿಂಗ್ ಭಾರವಾದಾಗ ಎಲ್ಲರೂ ಗೊಣಗಿದರೆ ಇವರು ಒಳಗೊಳಗೇ ಸಮಾಧಾನಪಟ್ಟಿದ್ದರು. ಆದರೆ ದಿನಾ ಬೆಳಗ್ಗೆ ಎಂಟು ಜನ ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿತ್ತಂತೆ. ಕನ್ನಡಿಯಲ್ಲಿ ಹಿಂದೆ ಕೂತವರ ಮುಖ ಕಾಣಬಾರದೆಂದು ಅದನ್ನು ಮೇಲಕ್ಕೆ ತಿರುಗಿಸಿ ಇಡುತ್ತಿದ್ದರಂತೆ. ಇವತ್ತು ನಿಲ್ಲಿಸುತ್ತೇನೆ, ನಾಳೆ ನಿಲ್ಲಿಸುತ್ತೇನೆ ಎಂದುಕೊಳ್ಳುತ್ತಲೇ ವರ್ಷ ಕಳೆದಿತ್ತು. ನೀನು ಹಗುರದ್ದು ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ ಎಂದರು.

ಮನೆಗೆ ಹೋದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವ ಚಪ್ಪಲಿ ಬಿಡದೆ, ಒಳಗೆ ಕಾಲಿಡದೆ, ನಾಳೆಯಿಂದ ಜೀಪು ಓಡಿಸುವುದಿಲ್ಲವೆಂದು, ಕೈ ಹೀಗಾಗಿದೆ ಎಂದು ಹೇಳಿ ಕೈಯನ್ನು ಮುಂದೆ ಚಾಚಿದರು. ನಾನು ಅಕ್ಕ ಕೂಗಿಕೊಳ್ಳುತ್ತಾಳೆಂದು ಕಾದೆ. ಅವಳು ಆ ಕೈಯನ್ನು ನೋಡಲೇ ಇಲ್ಲ, ಮುಖ ನೋಡಿದಳು.

"ಗೊತ್ತು ರೀ. ಹೋದ ವರ್ಷದಿಂದ ಗೊತ್ತು. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ. ದಿನಾ ಸಂಜೆ ಗಾಡಿ ಸದ್ದು ಕೇಳೋವರೆಗೆ ಒಲೆ ಹಚ್ಚೋಕೂ ನನ್ನ ಕೈ ಬರ್ತಿರಲಿಲ್ಲ."

ಅದಕ್ಕೇ ಬೆರಳಲ್ಲಿ ತಿರುಗುವುದನ್ನು ಹಾಕು ಎಂದು ನನಗೆ ಫೋನು ಮಾಡಿದ್ದಳು. ನಡುಗುವ ಕೈಗೆ ಹಗುರವಾದದ್ದು ಒಳ್ಳೆಯದೆಂದು ಅವಳು ತಿಳಿದಿದ್ದಳು. ಯಾರಾದರೂ ಹಾಗೇ ತಿಳಿಯುತ್ತಾರೆ. ನನ್ನನ್ನೊಂದು ಮಾತು ಬಿಡಿಸಿ ಕೇಳಿದ್ದರೆ ಹೇಳುತ್ತಿದ್ದೆ, ಆದರೆ ಕೇಳಿದ್ದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು. ಅವಳು ಅವರಿಂದ ಮುಚ್ಚಿಟ್ಟಳು, ಅವರು ಅವಳಿಂದ ಮುಚ್ಚಿಟ್ಟರು, ಕೊನೆಗೆ ಬಂದು ಸೇರಿಕೊಂಡ ನಾನು ಇಬ್ಬರಿಂದಲೂ ಮುಚ್ಚಿಟ್ಟೆ. ಮೂವರೂ ಒಬ್ಬರ ಮನಸ್ಸನ್ನೊಬ್ಬರು ನೋಯಿಸಬಾರದೆಂದೇ ಮಾಡಿದೆವು. ಅಕ್ಕ ಅಳುತ್ತ, ನಗುತ್ತ ಭಾವನ ಕೈ ಹಿಡಿದು ಒಳಗೆ ಕರೆದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನೇನು, ಎಲ್ಲ ಮುಗಿಯಿತು, ಯಾರಿಗೂ ಏನೂ ಆಗಲಿಲ್ಲ ಎಂದುಕೊಂಡೆ.

ಭಾವ ಮಾತ್ರ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೇ ಕೂತು, "ಅವರಿಗೆ ಹೇಳಬೇಕು," ಅಂದರು. ಕಂಪನಿಗೆ ಒಂದು ಕಾಗದ ಬರೆದರೆ ಸಾಕು, ಹುಷಾರಿಲ್ಲ ಎಂದರೆ ಸಾಕು ಎಂದು ನಾನೂ ಅಕ್ಕನೂ ಎಷ್ಟೋ ಹೇಳಿದೆವು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ ನಡೆದುಕೊಂಡೇ ಬಸ್ ನಿಲ್ದಾಣಕ್ಕೆ ಹೋದೆವು. ಎಂಟು ಜನ ನಿಂತಿದ್ದರು. ಗಾಡಿ ಎಲ್ಲಿ ಎಂದು ಅವರಲ್ಲೊಬ್ಬ ಕೇಳಿದ. ಭಾವ ಎಲ್ಲವನ್ನೂ ಹೇಳಿದರು, ವರ್ಷ, ತಿಂಗಳು, ಭಾರದ ಸ್ಟೇರಿಂಗು, ಹಗುರದ ಸ್ಟೇರಿಂಗು, ನಿನ್ನೆ ಇಳಿಸಿದ್ದೇಕೆ ಎಂಬುದೂ ಸೇರಿ. ನನ್ನ ಪಾಲನ್ನು ನಾನೇ ಹೇಳಿದೆ. ಅವರು ಬೈಯುತ್ತಾರೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಒಬ್ಬ ಹೆಲ್ಮೆಟ್ಟನ್ನು ನೆಲಕ್ಕಿಟ್ಟ. ಇನ್ನೊಬ್ಬ ನಿಂತಲ್ಲೇ ಗೋಡೆಗೆ ಒರಗಿದ. ಅವರ ಮೇಸ್ತ್ರಿ, ಒರಟು ಮನುಷ್ಯ, ಇನ್ನೂರು ಅಡಿ ಕಂಬದ ತುದಿಯಲ್ಲಿ ನಿಂತು ಬೋಲ್ಟು ಬಿಗಿಯುವವನು, ಭಾವನ ಹತ್ತಿರ ಬಂದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಹೋದ ತಿಂಗಳು ನನ್ನ ಮಗಳನ್ನ ಮೇಲೆ ಕರ್ಕೊಂಡು ಬಂದಿದ್ದೆ," ಅಂದ. "ರೆಕ್ಕೆ ಹತ್ತಿರದಿಂದ ನೋಡಬೇಕು ಅಂತ ಹಠ ಮಾಡಿದ್ಲು. ನಿಮ್ಮ ಪಕ್ಕದಲ್ಲೇ ಕೂತಿದ್ಲು." ಭಾವನ ಕೈ ನೋಡಿ ಕೇಳಿದ. "ಆವತ್ತೂ?"

ಭಾವ ಕೈಯನ್ನು ಬಚ್ಚಿಡಲಿಲ್ಲ.

"ಆವತ್ತೂ," ಅಂದರು.